ಪಿಕಪ್ಪಿಗೊಂದು ಪ್ರತ್ಯೇಕ ಫ್ಯೂಸ್–ರಿಲೇ ಪೆಟ್ಟಿಗೆ: ನಾವೇ ಕೂರಿಸಿಕೊಳ್ಳುವ ಬಗೆ

ಹೊಸ ಪಿಕಪ್ ಮನೆಗೆ ಬಂದ ಮೇಲೆ ಅದಕ್ಕೆ ಏನೇನು ಸೇರುತ್ತದೆ ನೋಡಿ. ಮುಂದೆ ಒಂದು ಜೊತೆ ಫಾಗ್ ಲ್ಯಾಂಪು, ಇನ್ನೊಂದು ಜೊತೆ ಹಾರ್ನು, ಲೋಡ್ ಬಾಡಿಯೊಳಗೆ ಒಂದು ದೀಪ, ಕ್ಯಾಬಿನಲ್ಲಿ ಎರಡು ಮೊಬೈಲ್ ಚಾರ್ಜರು, ಒಂದು ಫ್ಯಾನು. ಯಾವುದೂ ಶೋಕಿಗಲ್ಲ. ಶಿರಾಡಿ ಘಾಟಿಯಲ್ಲಿ ಜುಲೈ ತಿಂಗಳ ರಾತ್ರಿ ಮಾರನಹಳ್ಳಿಯಿಂದ ಗುಂಡ್ಯಕ್ಕೆ ಇಳಿದವರಿಗೆ ಫಾಗ್ ಲ್ಯಾಂಪು ಏಕೆ ಬೇಕೆಂದು ಹೇಳಬೇಕಾಗಿಲ್ಲ. ಬೆಳಗಿನ ಜಾವ ಮಂಗಳೂರಿನಲ್ಲಿ ತರಕಾರಿ ಇಳಿಸುವಾಗ ಹಿಂದಿನ ದೀಪ ಇಲ್ಲದಿದ್ದರೆ ಮೂಟೆ ಎಣಿಸುವುದೂ ಕಷ್ಟ.

ತೊಂದರೆ ಇರುವುದು ಇವಕ್ಕೆಲ್ಲ ಕರೆಂಟು ಎಲ್ಲಿಂದ ತೆಗೆದಿದ್ದಾರೆ ಎಂಬುದರಲ್ಲಿ. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಕಂಪನಿಯವರು ಹಾಕಿದ ತೆಳ್ಳನೆಯ ಒಂದು ವೈರನ್ನು ಬ್ಲೇಡಿನಿಂದ ಸುಲಿದು, ಅದಕ್ಕೆ ಮೂರು ನಾಲ್ಕು ವೈರು ತಿರುಚಿ, ಮೇಲೆ ಕಪ್ಪು ಟೇಪು ಸುತ್ತಿರುತ್ತಾರೆ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರಿರುತ್ತದೆ. ಪದೇ ಪದೇ ಫ್ಯೂಸ್ ಹೋಗುತ್ತದೆ ಅಂತ 10 ಆಂಪಿಯರ್ ಇದ್ದ ಜಾಗದಲ್ಲಿ 30 ಕೂರಿಸಿರುತ್ತಾರೆ. ಇನ್ನೂ ಮುಂದೆ ಹೋದವರು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿರುತ್ತಾರೆ. ಅಲ್ಲಿಂದ ಮುಂದೆ ಆ ಗಾಡಿಯಲ್ಲಿ ಫ್ಯೂಸ್ ಇಲ್ಲ, ವೈರೇ ಫ್ಯೂಸ್.

ನನ್ನದು 12 ವೋಲ್ಟಿನ ಬೊಲೆರೊ ಪಿಕಪ್. ಸ್ಟಿಯರಿಂಗ್ ಹಿಡಿಯುವ ಮೊದಲು ಹಾಸನದಲ್ಲಿ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ ಕಲಿತವನು ನಾನು. ಅಲ್ಲಿ ಉಸ್ತಾದರು ಮೊದಲು ಕಲಿಸಿದ ಪಾಠ ಇದು: ಫ್ಯೂಸ್ ಇರುವುದು ದೀಪವನ್ನು ಕಾಯುವುದಕ್ಕಲ್ಲ, ಅಲ್ಲಿಗೆ ಹೋಗುವ ವೈರನ್ನು ಕಾಯುವುದಕ್ಕೆ. ಈ ಬರಹದಲ್ಲಿ ನಾನು ಹೇಳುವ ಪ್ರತಿಯೊಂದೂ ಆ ಒಂದು ಮಾತಿನ ಮೇಲೆ ನಿಂತಿದೆ. ಕಂಪನಿಯ ವೈರಿಂಗನ್ನು ಮುಟ್ಟದೆ, ಬ್ಯಾಟರಿಯಿಂದ ನೇರವಾಗಿ ಒಂದು ದಪ್ಪ ವೈರು ತಂದು, ನಮ್ಮದೇ ಒಂದು ಪೆಟ್ಟಿಗೆಯಲ್ಲಿ ಪ್ರತಿ ಸಾಮಾನಿಗೂ ಬೇರೆ ಬೇರೆ ಫ್ಯೂಸು, ಬೇರೆ ಬೇರೆ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಕೊಡುವುದು. ಒಂದು ಭಾನುವಾರದ ಕೆಲಸ. ತಾಳ್ಮೆ ಇದ್ದರೆ ಯಾರು ಬೇಕಾದರೂ ಮಾಡಬಹುದು.

ಮೊದಲು ಕಾಗದ, ಪೆನ್ನು

ಅಂಗಡಿಗೆ ಹೋಗುವ ಮುನ್ನ ಲೆಕ್ಕ ಹಾಕಬೇಕು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್, ಅಷ್ಟೇ ಗಣಿತ. 55 ವ್ಯಾಟಿನ ಎರಡು ಫಾಗ್ ಲ್ಯಾಂಪು ಅಂದರೆ 110 ವ್ಯಾಟ್, 12ರಿಂದ ಭಾಗಿಸಿದರೆ 9 ಆಂಪಿಯರ್ ಚಿಲ್ಲರೆ. ಜೋಡಿ ಹಾರ್ನು ಸುಮಾರು 8ರಿಂದ 10. ಲೋಡ್ ಬಾಡಿಯ ಎಲ್‌ಇಡಿ ದೀಪ 20 ವ್ಯಾಟಿನದಾದರೂ 2 ಆಂಪಿಯರ್ ದಾಟುವುದಿಲ್ಲ. ಚಾರ್ಜರು, ಫ್ಯಾನು ಸೇರಿ 4–5. ಹೆಡ್‌ಲೈಟನ್ನೂ ರಿಲೇ ಮೇಲೆ ತರುವುದಾದರೆ 60/55 ವ್ಯಾಟಿನ ಎಚ್4 ಬಲ್ಬು ಎರಡಕ್ಕೆ 10 ಆಂಪಿಯರ್. ಎಲ್ಲ ಒಟ್ಟಿಗೆ ಉರಿದರೆ 35ರ ಆಸುಪಾಸು. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ನಿಮ್ಮ ಆಲ್ಟರ್ನೇಟರಿನ ಮೇಲೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ಅದನ್ನೂ ಓದಿಕೊಳ್ಳಿ. ಗಾಡಿಯ ಸ್ವಂತ ಖರ್ಚು ಕಳೆದು ಉಳಿದಿದ್ದರಲ್ಲಿ ನಮ್ಮ ಲೆಕ್ಕ ಕೂರಬೇಕು. ಕೂರದಿದ್ದರೆ ಸಾಮಾನು ಕಡಿಮೆ ಮಾಡಿ, ಇಲ್ಲವೇ ಎಲ್‌ಇಡಿಗೆ ಬದಲಾಯಿಸಿ. ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಇಲ್ಲದ ಕರೆಂಟನ್ನು ಹುಟ್ಟಿಸುವುದಿಲ್ಲ.

ಫ್ಯೂಸಿನ ವಿಷಯದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ. 20 ಆಂಪಿಯರ್ ಫ್ಯೂಸು 21 ಆಂಪಿಯರ್‌ಗೆ ಪಟ್ಟನೆ ಹೋಗುವುದಿಲ್ಲ. 27 ಆಂಪಿಯರ್ ಹರಿದರೂ ಅದು ಕರಗುವುದಕ್ಕೆ ಕೆಲವೊಮ್ಮೆ ಹಲವು ನಿಮಿಷ ಬೇಕು. ಅಷ್ಟೂ ಹೊತ್ತು ವೈರು ಆ ಬಿಸಿಯನ್ನು ತಡೆಯಬೇಕು. ಅದಕ್ಕೇ ಯಾವಾಗಲೂ ವೈರು ಫ್ಯೂಸಿಗಿಂತ ಒಂದು ಮೆಟ್ಟಿಲು ಮೇಲಿರಬೇಕು. ಹಾಗೆಯೇ ಸತತವಾಗಿ ಉರಿಯುವ ದೀಪ ಫ್ಯೂಸಿನ ಮುಕ್ಕಾಲು ಪಾಲು ಮೀರಬಾರದು. 9 ಆಂಪಿಯರ್ ಫಾಗ್ ಲ್ಯಾಂಪಿಗೆ 10ರ ಫ್ಯೂಸ್ ಹಾಕಿದರೆ ಸುಮ್ಮನೆ ಸುಡುತ್ತದೆ, 15 ಸರಿ.

ಬ್ಲೇಡ್ ಫ್ಯೂಸಿನ ಬಣ್ಣ ಬಾಯಿಪಾಠ ಆಗಲಿ, ಕತ್ತಲಲ್ಲಿ ನಂಬರು ಕಾಣುವುದಿಲ್ಲ: ತಿಳಿ ಕಂದು 5, ಗಾಢ ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30.

ಇನ್ನು ವೈರು. ನಮ್ಮ ಕಡೆ ಅಂಗಡಿಗಳಲ್ಲಿ ಆಟೋ ಕೇಬಲನ್ನು ಎಳೆಯ ಲೆಕ್ಕದಲ್ಲಿ ಕೊಡುತ್ತಾರೆ. 14/0.30 ಅಂದರೆ 0.30 ಮಿಲಿಮೀಟರಿನ 14 ಎಳೆ, ಅದು 1 ಚದರ ಮಿಲಿಮೀಟರ್. 35/0.30 ಅಂದರೆ 2.5. 56/0.30 ಅಂದರೆ 4. 84/0.30 ಅಂದರೆ 6. ನನ್ನ ಪೆಟ್ಟಿಗೆಯ ಲೆಕ್ಕ ಹೀಗೆ: ಫಾಗ್ ಲ್ಯಾಂಪು, ಹಾರ್ನು, ಹೆಡ್‌ಲೈಟಿಗೆ 2.5ರ ವೈರು, 15ರ ಫ್ಯೂಸು. ಲೋಡ್ ಬಾಡಿ ದೀಪಕ್ಕೆ 1ರ ವೈರು, 5ರ ಫ್ಯೂಸು. ಚಾರ್ಜರು–ಫ್ಯಾನಿಗೆ 1.5ರ ವೈರು, 10ರ ಫ್ಯೂಸು. ಬ್ಯಾಟರಿಯಿಂದ ಪೆಟ್ಟಿಗೆಗೆ 10ರ ಕೇಬಲ್, ಬ್ಯಾಟರಿ ಪಕ್ಕದಲ್ಲೇ 50 ಆಂಪಿಯರಿನ ಮುಖ್ಯ ಫ್ಯೂಸು. ಮನೆ ವೈರಿಂಗಿನ ಒಂಟಿ ಎಳೆಯ ಗಟ್ಟಿ ತಾಮ್ರವನ್ನು ಗಾಡಿಗೆ ತರಬೇಡಿ. ಅದುರಿ ಅದುರಿ ಲಗ್ಗಿನ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಬುಡದಲ್ಲಿ ಮುರಿಯುತ್ತದೆ. ಕಡಿಮೆ ಬೆಲೆಗೆ ಸಿಗುವ, ತಾಮ್ರದ ಬಣ್ಣ ಬಳಿದ ಅಲ್ಯುಮಿನಿಯಂ ವೈರೂ ಬೇಡ. ಸಂಶಯ ಬಂದರೆ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬಿಳಿಯಿದ್ದರೆ ಅಲ್ಲೇ ಬಿಟ್ಟು ಬನ್ನಿ.

ರಿಲೇ ಅಂದರೆ ಕೆರೆಯ ತೂಬು. ತಿರುಪು ತಿರುಗಿಸುವ ಕೈಗೆ ಬೇಕಾದ ಬಲ ಚೂರೇ ಚೂರು, ಅದು ಬಿಡುವ ನೀರು ಊರಿಗಾಗುವಷ್ಟು. 12 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್ (ಒಳಗಿನ ಸ್ವಿಚ್ಚನ್ನು ಎಳೆಯುವ ತಂತಿಸುರುಳಿ) ಎಳೆಯುವುದು ಸುಮಾರು 150 ಮಿಲಿ ಆಂಪಿಯರ್, ಅದರ ಸಂಪರ್ಕ ಹೊರುವುದು 30–40 ಆಂಪಿಯರ್. ಹಾಗಾಗಿ ಡ್ಯಾಶ್‌ಬೋರ್ಡಿಗೆ ಹೋಗುವುದು ತೆಳ್ಳನೆಯ ವೈರು ಮಾತ್ರ. ದಪ್ಪ ಕರೆಂಟು ಬೋನೆಟ್ಟಿನ ಒಳಗೇ ಚಿಕ್ಕ ದಾರಿಯಲ್ಲಿ ಹರಿದು ಮುಗಿಯುತ್ತದೆ. ಇದರ ಲಾಭ ಬೆಳಕಿನಲ್ಲಿ ಕಾಣುತ್ತದೆ. 1 ಚದರ ಮಿಲಿಮೀಟರಿನ ವೈರಿನಲ್ಲಿ 10 ಆಂಪಿಯರ್ 5 ಮೀಟರ್ ಓಡಿದರೆ ಹತ್ತಿರ ಹತ್ತಿರ 0.9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಸ್ವಿಚ್ಚು, ಕಪ್ಲರುಗಳ (ವೈರು ಸಿಕ್ಕಿಸುವ ಪ್ಲಗ್ಗು) ನಷ್ಟ ಬೇರೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜು ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ದೀಪ ಮಂಕು ಅಂತ ಜಾಸ್ತಿ ವ್ಯಾಟಿನ ಬಲ್ಬು ಹಾಕುವವರು ಮೊದಲು ವೈರು ನೋಡಬೇಕು.

ಸಾಮಾನು ಕೊಳ್ಳುವಾಗ

ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಗಾಡಿಯ ಸಾಮಾನು, ಎಸ್.ಪಿ. ರಸ್ತೆಯಲ್ಲಿ ಪೆಟ್ಟಿಗೆ, ಕೇಬಲ್ ಗ್ಲ್ಯಾಂಡು (ಪೆಟ್ಟಿಗೆಯೊಳಗೆ ವೈರು ಬಿಗಿಯಾಗಿ ತೂರುವ ಬಾಯಿ), ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವು, ಮೀಟರು ಎಲ್ಲ ಸಿಗುತ್ತದೆ. ಜಿಲ್ಲಾ ಕೇಂದ್ರಗಳಲ್ಲೂ ಈಗ ಬಹುತೇಕ ಸಿಗುತ್ತದೆ.

ರಿಲೇ ಮತ್ತು ಫ್ಯೂಸು ಎರಡೂ ಕೂರುವ ಸಿದ್ಧ ಪೆಟ್ಟಿಗೆ ಬರುತ್ತದೆ, ಆರು ರಿಲೇ, ಆರು ಫ್ಯೂಸಿನದು. ಅದು ಸಿಕ್ಕರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯ ಐಪಿ65 ಗುರುತಿನ (ಧೂಳು, ನೀರು ತಡೆಯುವ), ರಬ್ಬರ್ ಅಂಚಿರುವ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸು ತಂದು, ಅದರೊಳಗೆ ಒಂದು ಬ್ಲೇಡ್ ಫ್ಯೂಸ್ ಬ್ಲಾಕು, ಸಾಲಾಗಿ ರಿಲೇ ಸಾಕೆಟ್ಟು ಕೂರಿಸಬಹುದು. ನಾನು ಮಾಡಿರುವುದು ಈ ಎರಡನೆಯದು, ಏಕೆಂದರೆ ಮಲೆನಾಡಿನ ಮಳೆಗೆ ಮುಚ್ಚಳ ಬಿಗಿಯಾಗಿ ಕೂರುವ ಪೆಟ್ಟಿಗೆಯೇ ಬೇಕಿತ್ತು.

ರಿಲೇ ಕೊಳ್ಳುವಾಗ ಬುಡ ತಿರುಗಿಸಿ ನೋಡಿ. ನಾಲ್ಕು ಕಾಲಿನದಾದರೆ 30, 85, 86, 87 ಎಂದು ಬರೆದಿರುತ್ತದೆ. ಐದು ಕಾಲಿನದಾದರೆ ನಡುವಿನ ಕಾಲಿನ ಮೇಲೆ ಏನು ಬರೆದಿದೆ ಅಂತ ಗಮನಿಸಿ. 87ಎ ಎಂದಿದ್ದರೆ ರಿಲೇ ಸುಮ್ಮನಿರುವಾಗ ಅದರಲ್ಲಿ ಕರೆಂಟು ಇರುತ್ತದೆ, ರಿಲೇ ಎಳೆದಾಗ ಹೋಗುತ್ತದೆ. ದೀಪದ ವೈರು ಅದಕ್ಕೆ ಸೇರಿದರೆ ಸ್ವಿಚ್ ಆಫ್ ಮಾಡಿದಾಗ ದೀಪ ಉರಿಯುತ್ತದೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಮಲಗಿರುತ್ತದೆ. ನಮ್ಮ ಕೆಲಸಕ್ಕೆ ನಾಲ್ಕು ಕಾಲಿನದೇ ಸಾಕು. ಎಲ್ಲ ರಿಲೇಯೂ ಒಂದೇ ಕಂಪನಿಯ, ಒಂದೇ ನಮೂನೆಯದಾಗಿರಲಿ. ಒಂದು ಕೆಟ್ಟರೆ ಇನ್ನೊಂದನ್ನು ಕಿತ್ತು ಅಲ್ಲಿ ಹಾಕಲು ಬರಬೇಕು.

ಒಂದು ಉಪಕರಣಕ್ಕೆ ಮಾತ್ರ ದುಡ್ಡು ಉಳಿಸಬೇಡಿ: ರ‍್ಯಾಚೆಟ್ ಇರುವ ಕ್ರಿಂಪಿಂಗ್ ಪ್ಲೈಯರು. ಸಾಮಾನ್ಯ ಕಟಿಂಗ್ ಪ್ಲೈಯರಿನಲ್ಲಿ ಚಪ್ಪಟೆ ಮಾಡಿದ ಲಗ್ಗು ಆ ದಿನ ಕೆಲಸ ಮಾಡುತ್ತದೆ, ಎರಡನೇ ಮಳೆಗಾಲಕ್ಕೆ ಹಸಿರು ಹಿಡಿದು ಕೂತಿರುತ್ತದೆ. ರ‍್ಯಾಚೆಟ್ ಪ್ಲೈಯರು ಪೂರ್ತಿ ಒತ್ತುವ ತನಕ ಬಿಡುವುದಿಲ್ಲ. ಲಗ್ಗಿನ ಹಿಂದಿನ ಎರಡು ರೆಕ್ಕೆ ವೈರಿನ ಪ್ಲಾಸ್ಟಿಕನ್ನು ಹಿಡಿಯುತ್ತವೆ, ಮುಂದಿನ ಎರಡು ರೆಕ್ಕೆ ತಾಮ್ರವನ್ನು ಮಡಚಿ ಒಳಕ್ಕೆ ಹೊಕ್ಕು ಕೂರುತ್ತವೆ. ಒತ್ತಿದ ಮೇಲೆ ಜೋರಾಗಿ ಎಳೆಯಿರಿ. ಬರುವುದಾದರೆ ಈಗಲೇ ಬರಲಿ. ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಅಂತ ಕೆಲವರು ಹೇಳುತ್ತಾರೆ. ಆದರೆ ಸೀಸ ವೈರಿನೊಳಗೆ ಸ್ವಲ್ಪ ದೂರ ಹರಿದು ಅಷ್ಟು ಉದ್ದವನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ಅದು ಮುಗಿಯುವ ಜಾಗದಲ್ಲಿ ಅದುರಿಕೆಗೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಗಾಡಿಗೆ ಕ್ರಿಂಪೇ ಸರಿ.

ಪೆಟ್ಟಿಗೆಗೆ ಜಾಗ

ಬ್ಯಾಟರಿಗೆ ಹತ್ತಿರ, ಸೈಲೆನ್ಸರ್ ಪೈಪು ಮತ್ತು ಟರ್ಬೊಗೆ ದೂರ, ಕೈಗೆ ಸಿಗುವಷ್ಟು ಮೇಲೆ. ಬೋನೆಟ್ಟಿನೊಳಗೆ ಫೆಂಡರಿನ ಒಳಗೋಡೆ ಸಾಮಾನ್ಯವಾಗಿ ಒಳ್ಳೆಯ ಜಾಗ. ಮೊದಲು ರಟ್ಟಿನಲ್ಲಿ ಪೆಟ್ಟಿಗೆಯಷ್ಟೇ ಅಳತೆಯ ಡಬ್ಬಿ ಮಾಡಿ ಅಲ್ಲಿಟ್ಟು ಬೋನೆಟ್ ಮುಚ್ಚಿ ನೋಡಿ. ಏರ್ ಫಿಲ್ಟರ್ ಬಿಚ್ಚಲು, ಕೂಲೆಂಟ್ ಹಾಕಲು ಅಡ್ಡ ಬಂದರೆ ಬೇರೆ ಜಾಗ ಹುಡುಕಿ. ತೂತು ಕೊರೆಯುವ ಮುನ್ನ ಆ ತಗಡಿನ ಹಿಂಬದಿಗೆ ಕೈ ಹಾಕಿ ಬ್ರೇಕ್ ಪೈಪು, ಡೀಸೆಲ್ ಪೈಪು, ಕಂಪನಿಯ ವೈರಿಂಗು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕೊರೆದ ಅಂಚಿಗೆ ಪೇಂಟ್ ಹಚ್ಚಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ನಾನು 3 ಮಿಲಿಮೀಟರಿನ ಅಲ್ಯುಮಿನಿಯಂ ತಗಡನ್ನು ಮೊದಲು ರಬ್ಬರ್ ಬುಷ್ಷಿನ ಮೇಲೆ ಕೂರಿಸಿ, ಅದರ ಮೇಲೆ ಪೆಟ್ಟಿಗೆ ಬಿಗಿದಿದ್ದೇನೆ. ವೈರು ಹೋಗುವ ಬಾಯಿಗಳೆಲ್ಲ ಕೆಳಮುಖ. ಪ್ರತಿ ವೈರೂ ಗ್ಲ್ಯಾಂಡಿನೊಳಗೆ ಹೋಗುವ ಮೊದಲು ಒಂದು ಸಲ ಕೆಳಗೆ ಬಾಗಿ ಮೇಲೇರಬೇಕು. ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪೆಟ್ಟಿಗೆಗೆ ಬರುವುದಿಲ್ಲ. ಪೆಟ್ಟಿಗೆಯ ತಳದಲ್ಲಿ 3 ಮಿಲಿಮೀಟರಿನ ಒಂದು ತೂತನ್ನೂ ಇಡಿ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ಘಟ್ಟ ಹತ್ತುವಾಗ ಕಾದ ಗಾಳಿ ಇಳಿಯುವಾಗ ತಣಿದು ಒಳಗೆ ಬೆವರುತ್ತದೆ. ಆ ನೀರು ಹೊರಗೆ ಹೋಗಲು ದಾರಿ ಬೇಕು. ರಿಲೇಗಳು ಕಾಲು ಕೆಳಗಾಗಿ ಕೂರಲಿ.

ವೈರಿಂಗು

ಉಂಗುರ, ಕಡಗ, ಲೋಹದ ಪಟ್ಟಿಯ ವಾಚು ಬಿಚ್ಚಿಡಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರು ಬಾಡಿಗೆ ತಾಗಿದರೂ ಕಿಡಿ ಹಾರದಿರಲು ಇದೊಂದೇ ಉಪಾಯ. ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಲೇ ಬಿಡಬಲ್ಲದು, ಸ್ಪ್ಯಾನರು ಅಂಟಿಕೊಂಡು ಕೆಂಪಗಾಗುತ್ತದೆ.

ಮುಖ್ಯ ಫ್ಯೂಸು ಬ್ಯಾಟರಿಯ ಪಾಸಿಟಿವ್ ಕಂಬದಿಂದ ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಗೂ ಆ ಫ್ಯೂಸಿಗೂ ನಡುವಿನ ವೈರಿಗೆ ಯಾವ ಕಾವಲೂ ಇಲ್ಲ, ಅದಕ್ಕೇ ಅಷ್ಟು ಚಿಕ್ಕದು. ಅಪಘಾತದಲ್ಲಿ ಫೆಂಡರು ನುಗ್ಗಾಗಿ ಕೇಬಲು ಜಜ್ಜಿದರೂ ಈ ಫ್ಯೂಸು ಹೋಗಿ ಬೆಂಕಿ ತಪ್ಪುತ್ತದೆ. ಪೆಟ್ಟಿಗೆಯೊಳಗೆ ಫ್ಯೂಸ್ ಹಾಕಿದ್ದೇನಲ್ಲ, ಇದು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಅದೇ. 10ರ ಕೇಬಲನ್ನು ಸುಕ್ಕು ಪೈಪಿನೊಳಗೆ ಹಾಕಿ, ಚೂಪು ಅಂಚಿಗೆ ತಾಗದಂತೆ ಗೇಣಿಗೊಂದು ಕಡೆ ಕಟ್ಟಿ ಪೆಟ್ಟಿಗೆಯ ಫ್ಯೂಸ್ ಬ್ಲಾಕಿಗೆ ತನ್ನಿ.

ಒಂದು ರಿಲೇಯ ಜೋಡಣೆ ಹೇಳುತ್ತೇನೆ, ಉಳಿದವೆಲ್ಲ ಅದೇ. ಫ್ಯೂಸ್ ಬ್ಲಾಕಿನ 15 ಆಂಪಿಯರ್ ಫ್ಯೂಸಿನಿಂದ ಹೊರಟ 2.5ರ ವೈರು ರಿಲೇಯ 30ಕ್ಕೆ. 87ರಿಂದ ಫಾಗ್ ಲ್ಯಾಂಪಿಗೆ. 85ರಿಂದ ಅರ್ಥಿಗೆ, ಅಂದರೆ ಗಾಡಿಯ ಬಾಡಿಯ ಮೂಲಕ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿಗೆ. 86ಕ್ಕೆ ಕ್ಯಾಬಿನಿನ ಸ್ವಿಚ್ಚಿನಿಂದ ಬರುವ ತೆಳ್ಳನೆಯ ವೈರು. 85, 86ನ್ನು ಅದಲು ಬದಲು ಮಾಡಿದರೂ ಸಾಮಾನ್ಯ ರಿಲೇ ಕೆಲಸ ಮಾಡುತ್ತದೆ. ಆದರೆ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಬಂದರೆ 86 ಪಾಸಿಟಿವ್ ಆಗಿರಲೇಬೇಕು, ಇಲ್ಲದಿದ್ದರೆ ಡಯೋಡು ನೇರ ಶಾರ್ಟ್ ಆಗುತ್ತದೆ. ಆದ್ದರಿಂದ ಎಲ್ಲದಕ್ಕೂ 86 ಪಾಸಿಟಿವ್, 85 ಅರ್ಥ್ ಅಂತ ಒಂದೇ ಪದ್ಧತಿ ಇಟ್ಟುಕೊಳ್ಳಿ.

ಸ್ವಿಚ್ಚಿಗೆ ಕರೆಂಟು ಎಲ್ಲಿಂದ? ಐದು ರಿಲೇ ಒಟ್ಟಿಗೆ ಎಳೆದರೂ ಮುಕ್ಕಾಲು ಆಂಪಿಯರ್. ಇಷ್ಟಕ್ಕೆ ಮಾತ್ರ ಕಂಪನಿಯ ಫ್ಯೂಸ್ ಪೆಟ್ಟಿಗೆಯನ್ನು ಕೇಳಬಹುದು, ಅದೂ ವೈರು ಸುಲಿಯದೆ. ಫ್ಯೂಸ್ ಟ್ಯಾಪ್ ಅಂತ ಸಿಗುತ್ತದೆ. ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟು ಬರುವ ಒಂದು ಫ್ಯೂಸನ್ನು ಕಿತ್ತು ಅಲ್ಲಿ ಟ್ಯಾಪ್ ಚುಚ್ಚಿ, ಹಳೆಯ ಫ್ಯೂಸನ್ನು ಅದರ ಒಂದು ಮನೆಯಲ್ಲಿ, 3 ಆಂಪಿಯರಿನದನ್ನು ಇನ್ನೊಂದು ಮನೆಯಲ್ಲಿ ಕೂರಿಸಿ. ಬ್ರೇಕ್ ಲೈಟ್, ಎಂಜಿನ್ ಇಸಿಯು (ಎಂಜಿನ್ನಿನ ಕಂಪ್ಯೂಟರು), ಎಬಿಎಸ್ ಫ್ಯೂಸುಗಳನ್ನು ಮುಟ್ಟಬೇಡಿ. ವೈಪರಿನದೋ ಬ್ಲೋವರಿನದೋ ಆದರೆ ಅಡ್ಡಿಯಿಲ್ಲ. ಇಗ್ನಿಷನ್ ಮೇಲೆಯೇ ಇರಬೇಕು ಎನ್ನುವುದಕ್ಕೂ ಕಾರಣವಿದೆ. ಎಳೆದುಕೊಂಡೇ ಉಳಿದ ಒಂದು ರಿಲೇ ದಿನಕ್ಕೆ ಮೂರೂವರೆ ಆಂಪಿಯರ್ ಅವರ್ ತಿನ್ನುತ್ತದೆ, ಮೂರು ದಿನ ನಿಂತ ಗಾಡಿಗೆ ಅದು ಭಾರ. ಲೋಡ್ ಬಾಡಿ ದೀಪ ಒಂದಕ್ಕೆ ಮಾತ್ರ ನಾನು ನೇರ ಬ್ಯಾಟರಿಯ ಕರೆಂಟು ಕೊಟ್ಟಿದ್ದೇನೆ, ಕೀ ತೆಗೆದು ಸರಕು ಇಳಿಸುವಾಗ ಬೇಕಲ್ಲ. ಅದರ ಸ್ವಿಚ್ಚಿನಲ್ಲೇ ಕೆಂಪು ದೀಪವಿದೆ.

ಫಾಗ್ ಲ್ಯಾಂಪಿನ ಸ್ವಿಚ್ಚಿಗೆ ಪಾರ್ಕಿಂಗ್ ಲೈಟಿನ ಫ್ಯೂಸಿನಿಂದ ತೆಗೆದರೆ ಇನ್ನೂ ಒಳ್ಳೆಯದು, ಪಾರ್ಕಿಂಗ್ ಆಫ್ ಆದರೆ ಫಾಗೂ ಆಫ್.

ಹಾರ್ನಿಗೆ ಹೊಸ ಸ್ವಿಚ್ಚು ಬೇಡ. ಕಂಪನಿಯ ಹಾರ್ನಿಗೆ ಬರುವ ಕಪ್ಲರಿನ ಎರಡು ವೈರನ್ನೇ ರಿಲೇಯ 85, 86ಕ್ಕೆ ಕೊಡಿ. ಕೆಲವು ಗಾಡಿಗಳಲ್ಲಿ ಹಾರ್ನ್ ಬಟನ್ನು ಪಾಸಿಟಿವ್ ಕೊಡುತ್ತದೆ, ಕೆಲವದರಲ್ಲಿ ಅರ್ಥ್ ಕೊಡುತ್ತದೆ. ಎರಡೂ ವೈರನ್ನು ಹೀಗೆ ತಂದರೆ ಯಾವುದಾದರೂ ಸರಿ, ಡಯೋಡ್ ಇಲ್ಲದ ರಿಲೇ ಆಗಿದ್ದರೆ ಸಾಕು. ಹೆಡ್‌ಲೈಟಿಗೂ ಇದೇ ಉಪಾಯ: ಒಂದು ಕಡೆಯ ಬಲ್ಬಿನ ಹಳೆಯ ಕಪ್ಲರನ್ನು ಎರಡು ರಿಲೇಗೆ ಸಂಕೇತವಾಗಿ ಬಳಸಿ, ಡಿಮ್ಮಿಗೊಂದು, ಬ್ರೈಟಿಗೊಂದು. ಆದರೆ ಹೊಸ ಬಿಎಸ್6 ಗಾಡಿಗಳಲ್ಲಿ ಹೆಡ್‌ಲೈಟನ್ನು ಎಲೆಕ್ಟ್ರಾನಿಕ್ ಮಾಡ್ಯೂಲು ನಡೆಸುವುದಾದರೆ ಅದರ ತಂಟೆಗೆ ಹೋಗಬೇಡಿ. ಬಲ್ಬು ಇದೆಯೋ ಇಲ್ಲವೋ ಎಂದು ಅದು ಕರೆಂಟು ನೋಡಿ ಲೆಕ್ಕ ಹಾಕುತ್ತಿರುತ್ತದೆ, ನಮ್ಮ ರಿಲೇ ಅದಕ್ಕೆ ಸುಟ್ಟ ಬಲ್ಬಿನಂತೆ ಕಾಣಬಹುದು.

ಕ್ಯಾಬಿನೊಳಗೆ ಹೋಗುವ ತೆಳ್ಳನೆಯ ವೈರುಗಳು ಫೈರ್‌ವಾಲಿನಲ್ಲಿ (ಎಂಜಿನ್ನಿಗೂ ಕ್ಯಾಬಿನಿಗೂ ನಡುವಿನ ತಗಡು) ಈಗಾಗಲೇ ಇರುವ ರಬ್ಬರ್ ಗ್ರೊಮೆಟ್ಟಿನ (ತೂತಿನ ಅಂಚಿಗೆ ಕೂರುವ ಬಳೆ) ಮೂಲಕವೇ ಹೋಗಲಿ. ತಗಡಿನ ಬರಿಯ ತೂತಿನಲ್ಲಿ ತೂರಿಸಿದ ವೈರನ್ನು ಅಂಚು ಗರಗಸದಂತೆ ತಿನ್ನುತ್ತದೆ. ಕ್ಲಚ್, ಬ್ರೇಕ್ ಪೆಡಲು ಪೂರ್ತಿ ತುಳಿದು, ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಿ ಯಾವ ವೈರೂ ಸಿಕ್ಕಿಕೊಳ್ಳುವುದಿಲ್ಲವೆಂದು ನೋಡಿ.

ಅರ್ಥ್

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಉಸ್ತಾದರ ಅಂಗಡಿಗೆ ಬರುತ್ತಿದ್ದ ತಲೆನೋವುಗಳಲ್ಲಿ ಎಷ್ಟೋ ಅರ್ಥಿನವೇ. ಎಡ ಇಂಡಿಕೇಟರ್ ಹಾಕಿದರೆ ಬಲದ ದೀಪ ಮಿಣುಕುವುದು, ಹಾರ್ನ್ ಒತ್ತಿದರೆ ಹೆಡ್‌ಲೈಟು ಮಂಕಾಗುವುದು, ಫಾಗ್ ಲ್ಯಾಂಪು ಒಂದು ದಿನ ಉರಿದು ಒಂದು ದಿನ ಉರಿಯದಿರುವುದು. ಹೋಗುವ ದಾರಿ ಎಷ್ಟು ದಪ್ಪವೋ ಬರುವ ದಾರಿಯೂ ಅಷ್ಟೇ ದಪ್ಪ ಇರಬೇಕು. ಪೇಂಟಿನ ಮೇಲೆ ಸ್ಕ್ರೂ ಹೊಡೆದರೆ ಅರ್ಥ್ ಆಗುವುದಿಲ್ಲ.

ಬಾಡಿಯಲ್ಲಿ ಗಟ್ಟಿ ತಗಡಿರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಪೇಂಟನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿ. 6 ಅಥವಾ 8 ಎಂಎಂ ಬೋಲ್ಟು, ಹಲ್ಲಿರುವ ವಾಷರು, ರಿಂಗ್ ಲಗ್ಗು, ಮೇಲೆ ನಟ್ಟು. ಬಿಗಿದ ಮೇಲೆ ಮೇಲ್ಭಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಕೊನೆಗೆ ಪೆಟ್ಟಿಗೆಯ ಅರ್ಥನ್ನೆಲ್ಲ ಈ ಒಂದೇ ಬೋಲ್ಟಿಗೆ ತನ್ನಿ. ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಪುಟ್ಟ ಸೆನ್ಸರ್ ಇರುವ ಗಾಡಿಯಾದರೆ ನೇರ ಕಂಬಕ್ಕೆ ಕಟ್ಟಬೇಡಿ, ಬಾಡಿಗೇ ಕೊಡಿ. ಇಲ್ಲದಿದ್ದರೆ ಆ ಕರೆಂಟು ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಕರೆಂಟು ಕೊಡುವ ಮುನ್ನ

ಎಲ್ಲ ಜೋಡಿಸಿದ ಮೇಲೆ ನೇರ ಮುಖ್ಯ ಫ್ಯೂಸು ಚುಚ್ಚಬೇಡಿ. ಹಳೆಯ ಬ್ರೇಕ್ ಲೈಟಿನ 21 ವ್ಯಾಟಿನ ಬಲ್ಬಿಗೆ ಎರಡು ವೈರು ಹಾಕಿ, ಮುಖ್ಯ ಫ್ಯೂಸಿನ ಎರಡು ಕಡೆಗೆ ಸಿಕ್ಕಿಸಿ. ಅಂದರೆ ಫ್ಯೂಸಿನ ಬದಲಿಗೆ ಬಲ್ಬು. ಎಲ್ಲ ಸ್ವಿಚ್ಚು ಆಫ್ ಇದ್ದಾಗ ಬಲ್ಬು ಪೂರ್ತಿ ಕಪ್ಪಾಗಿರಬೇಕು. ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಆದರೆ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲವಾದ್ದರಿಂದ ಏನೂ ಸುಡುವುದಿಲ್ಲ. ಪೆಟ್ಟಿಗೆಯ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬನ್ನಿ, ಯಾವುದನ್ನು ಕಿತ್ತಾಗ ಬಲ್ಬು ಆರಿತೋ ಆ ದಾರಿಯಲ್ಲಿ ತಪ್ಪಿದೆ. ಹೆದರಿಕೆಯಿಲ್ಲದೆ ಹುಡುಕಲು ಇದಕ್ಕಿಂತ ಒಳ್ಳೆಯ ವಿದ್ಯೆ ನನಗೆ ಗೊತ್ತಿಲ್ಲ. ನಂತರ ಒಂದೊಂದೇ ಸ್ವಿಚ್ಚು ಹಾಕಿ ರಿಲೇ ಟಿಕ್ ಎನ್ನುವುದನ್ನು ಕೇಳಿಸಿಕೊಳ್ಳಿ.

ಈಗ ನಿಜವಾದ ಫ್ಯೂಸು ಹಾಕಿ ಎಂಜಿನ್ ಚಾಲೂ ಮಾಡಿ, ಫಾಗ್ ಲ್ಯಾಂಪು ಉರಿಸಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ಕಡ್ಡಿ ದೀಪದ ಪಾಸಿಟಿವ್‌ಗೆ. ತೋರಿಸುವುದು ದಾರಿಯಲ್ಲಿ ಕಳೆದ ವೋಲ್ಟು. ಅರ್ಧ ವೋಲ್ಟ್ ಒಳಗಿದ್ದರೆ ಸರಿ, 0.3ಕ್ಕೆ ಬಂದರೆ ಕೆಲಸ ಚೊಕ್ಕ. ಅರ್ಥ್ ಕಡೆಯೂ ಹಾಗೆಯೇ ನೋಡಿ, ಅಲ್ಲಿ 0.2 ದಾಟಬಾರದು. ದಾಟಿದರೆ ಬೋಲ್ಟು ಬಿಚ್ಚಿ ಮತ್ತೆ ಉಜ್ಜಿ. ಅರ್ಧ ಗಂಟೆ ಉರಿದ ಮೇಲೆ ಫ್ಯೂಸುಗಳ ತಲೆ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳಿಡಲು ಆಗದಿದ್ದರೆ ಲಗ್ಗು ಸಡಿಲ. ಫ್ಯೂಸಿನ ಕಾಲಿನ ಹತ್ತಿರ ಪ್ಲಾಸ್ಟಿಕ್ಕು ಕರಗಿ ಎಳೆ ಮಾತ್ರ ಹಾಗೇ ಇದೆ ಅಂದರೆ ಅದು ಓವರ್‌ಲೋಡಲ್ಲ, ಸಡಿಲ ಸಂಪರ್ಕ. ದೊಡ್ಡ ಫ್ಯೂಸು ಅದಕ್ಕೆ ಮದ್ದಲ್ಲ.

24 ವೋಲ್ಟಿನವರಿಗೆ

ದೊಡ್ಡ ಲಾರಿಗಳಲ್ಲಿ ಎರಡು 12 ವೋಲ್ಟಿನ ಬ್ಯಾಟರಿ ಸರಣಿಯಲ್ಲಿ ಕೂತು 24 ಆಗಿರುತ್ತವೆ. ರಿಲೇ, ಬಲ್ಬು ಎಲ್ಲ 24ರದ್ದೇ ಬೇಕು. ಅಷ್ಟೇ ವ್ಯಾಟಿಗೆ ಆಂಪಿಯರ್ ಅರ್ಧವಾಗುತ್ತದೆ, ಅಷ್ಟು ಅನುಕೂಲ. ಆದರೆ 12 ವೋಲ್ಟಿನ ಸ್ಟೀರಿಯೊಗಾಗಿ ಒಂದೇ ಬ್ಯಾಟರಿಯಿಂದ ಕರೆಂಟು ಎತ್ತುವ ಅಭ್ಯಾಸ ಬಿಟ್ಟುಬಿಡಿ. ಆ ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಸದಾ ಅತಿಯಾಗಿ ಚಾರ್ಜಾಗಿ ನೀರು ಕುದಿಸುತ್ತದೆ, ಎರಡೂ ಬೇಗ ಸಾಯುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರು ಹಾಕಿ. ಪೆಟ್ರೋಲ್, ಗ್ಯಾಸ್ ಟ್ಯಾಂಕರಿನವರು ಈ ಕೆಲಸಕ್ಕೆ ತಾವೇ ಕೈ ಹಾಕಬಾರದು, ಅವುಗಳ ವೈರಿಂಗಿಗೆ ಬೇರೆಯೇ ಕಟ್ಟುಪಾಡಿದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ, ಕೇಂದ್ರ ಮೋಟಾರು ವಾಹನ ನಿಯಮಗಳು 1989 ಹಲವು ಸ್ವರದ ಹಾರ್ನನ್ನೂ ಅನುಮತಿಯಿಲ್ಲದ ಸರ್ಚ್‌ಲೈಟನ್ನೂ ನಿಷೇಧಿಸುತ್ತವೆ. ಫಾಗ್ ಲ್ಯಾಂಪು ಕೆಳಗೆ ಬಂಪರಿನ ಮಟ್ಟದಲ್ಲಿ, ನೆಲ ನೋಡುವಂತಿರಲಿ. ತಲೆಯ ಮೇಲೆ ಉದ್ದನೆಯ ಎಲ್‌ಇಡಿ ಪಟ್ಟಿ ಕಟ್ಟಿಕೊಂಡು ಬರುವ ಗಾಡಿಯೆದುರು ಘಟ್ಟದ ತಿರುವಿನಲ್ಲಿ ಕಣ್ಣು ಕತ್ತಲಾಗುವ ಸಂಕಟ ಎದುರಿನವರಿಗೇ ಗೊತ್ತು, ದಯವಿಟ್ಟು ಹಾಕಬೇಡಿ. ವಾರಂಟಿಯಲ್ಲಿರುವ ಗಾಡಿಯಾದರೆ ಮೊದಲು ಶೋರೂಮಿನಲ್ಲಿ ಕೇಳಿ. ಹೆಚ್ಚುವರಿ ಸಾಮಾನನ್ನು ವಿಮೆಯವರಿಗೆ ತಿಳಿಸಿರುವುದೂ ಒಳ್ಳೆಯದು.

ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ, ಮೇಲೆ ಪಾರದರ್ಶಕ ಟೇಪು. ಎಡದಿಂದ ಬಲಕ್ಕೆ ಯಾವ ಫ್ಯೂಸು ಯಾವುದಕ್ಕೆ, ಎಷ್ಟು ಆಂಪಿಯರ್, ಕನ್ನಡದಲ್ಲಿ ದೊಡ್ಡ ಅಕ್ಷರ. ಪ್ರತಿ ವೈರಿನ ಎರಡೂ ತುದಿಗೆ ಒಂದೇ ನಂಬರು. ನಿಮಗೆ ನೆನಪಿರಬಹುದು, ಬದಲಿ ಡ್ರೈವರಿಗೆ, ದಾರಿಯಲ್ಲಿ ಸಿಗುವ ಮೆಕ್ಯಾನಿಕ್ಕಿಗೆ ಗೊತ್ತಾಗಬೇಡವೇ? ಪೆಟ್ಟಿಗೆಯೊಳಗೇ ಒಂದು ಮೂಲೆಯಲ್ಲಿ ಪ್ರತಿ ಅಳತೆಯ ಎರಡೆರಡು ಫ್ಯೂಸು, ಫ್ಯೂಸ್ ಕೀಳುವ ಚಿಮುಟ, ಒಂದು ರಿಲೇ ಇರಲಿ. ಹೆಚ್ಚುವರಿ ರಿಲೇಯೂ ಮುಗಿದಿದ್ದರೆ ಹಾರ್ನಿನದನ್ನು ಕಿತ್ತು ಫಾಗ್ ಲ್ಯಾಂಪಿಗೆ ಹಾಕಿ ಘಟ್ಟ ಇಳಿಯಬೇಡಿ, ಮಂಜಿನಲ್ಲಿ ಹಾರ್ನೂ ಬೇಕು. ಲೋಡ್ ಬಾಡಿ ದೀಪದ್ದನ್ನು ಕೀಳಿ. ಮೇ ಕೊನೆಯ ವಾರದಲ್ಲಿ, ಮಳೆ ಹಿಡಿಯುವ ಮುನ್ನ ಒಮ್ಮೆ ಮುಚ್ಚಳ ತೆಗೆದು ಲಗ್ಗುಗಳನ್ನು ಅಲ್ಲಾಡಿಸಿ ನೋಡಿ, ತಳದ ತೂತಿಗೆ ಕಡ್ಡಿ ಹಾಕಿ ಮಣ್ಣು ತೆಗೆಯಿರಿ, ಅರ್ಥ್ ಬೋಲ್ಟಿಗೆ ಸ್ಪ್ಯಾನರು ಇಡಿ.